ಬೇಗ ಬೆಳೆಯುವ ಯೀಸ್ಟ್

ಯೀಸ್ಟಿನಿಂದ ಬಣ್ಣ ಮಾಡಿಸುವುದೆಂದರೆ ಸೋಮಾರಿಯನ್ನು ದುಡಿಸಿದಂತೆ. ಸಕ್ಕರೆ ತಿಂದು, ಮರಿ ಹಾಕಿಕೊಂಡು ಹಾಯಾಗಿದ್ದ ಜೀವಕ್ಕೆ ಬೀಟ್‌ರೂಟಿನ ಜೀನು ಸೇರಿಸಿ 'ಇನ್ನು ಮೇಲೆ ಕೆಂಪು ಬಣ್ಣ ಮಾಡು' ಎಂದರೆ ಅದಾದರೂ ಸುಮ್ಮನೆ ಯಾಕೆ ಮಾಡೀತು? ಪ್ರಯೋಗಾಲಯದ ಹುಡುಗಿ ವರ್ಷಗಟ್ಟಲೆ ಹೆಣಗಿ ಮಾಡಿಸಿದ್ದಳು. ಹುಡುಗಿ ಅನ್ನುತ್ತಿದ್ದವರು ಮುಖ್ಯಸ್ಥರು. ಅವಳಿಗೆ ನಲವತ್ತು ಹತ್ತಿರವಾಗಿತ್ತು, ಕೆಲಸ ಮಾತ್ರ ಇನ್ನೂ ತಾತ್ಕಾಲಿಕ. ಬಣ್ಣ ಕೊಳ್ಳಲು ಐಸ್‌ಕ್ರೀಮ್ ಕಂಪನಿಯವರು ಬರುವ ದಿನ ಯೀಸ್ಟ್ ಬೆಳೆಸುವ ತೊಟ್ಟಿ ಕೆಂಪಗಿದ್ದರೆ ಖಾಯಂ ಮಾಡುತ್ತೇನೆಂದು ಮುಖ್ಯಸ್ಥರು ಮಾತು ಕೊಟ್ಟಿದ್ದರು.

ತೊಟ್ಟಿಗೆ ಯಾವ ಯೀಸ್ಟ್ ಹಾಕಬೇಕೆಂದು ಆರಿಸುವ ಹೊಣೆ ಮಾತ್ರ ಮುಖ್ಯಸ್ಥರ ಭಾವಮೈದುನನ ಪಾಲಾಯಿತು. ಅವನು ಅಲ್ಲಿ ಏನು ಮಾಡುತ್ತಾನೆಂದು ಯಾರಿಗೂ ಗೊತ್ತಿರಲಿಲ್ಲ. ಬಡ್ತಿಯಂತೂ ವರ್ಷವರ್ಷವೂ ಆಗುತ್ತಿತ್ತು. ಗಾಜಿನ ತಟ್ಟೆಯಲ್ಲಿ ಎಲ್ಲಕ್ಕಿಂತ ದಪ್ಪಗೆ ಬೆಳೆದಿದ್ದ ಯೀಸ್ಟಿನ ಚುಕ್ಕೆಗೆ ಅವನು ಬೆರಳು ತೋರಿಸಿದ.

"ಎಷ್ಟು ಬೇಗ ಬೆಳ್ದಿದೆ ನೋಡಿ! ಇದನ್ನೇ ಹಾಕಿ."

"ಅದು ಬೆಳ್ಳಗಿದೆ ಸಾರ್," ಎಂದಳು ಅವಳು. "ಬಣ್ಣ ಮಾಡೋದು ಬಿಟ್ಬಿಟ್ಟಿದೆ, ಅದಕ್ಕೇ ಬೇಗ ಬೆಳೀತಿದೆ. ಕೆಲಸ ಮಾಡ್ತಿರೋದು ಪಕ್ಕದ ಸಣ್ಣದು."

"ಬೆಳ್ದ ಮೇಲೆ ಬಣ್ಣ ತಾನಾಗೇ ಬರುತ್ತಮ್ಮ," ಎಂದರು ಮುಖ್ಯಸ್ಥರು. "ನಿಂಗೆ ಎಲ್ಲದರಲ್ಲೂ ಕೊಂಕು."

ಆ ದಿನ ಬಂತು. ಭಾವಮೈದುನ ಬೆಳಿಗ್ಗೆಯೇ ಹೊಟ್ಟೆನೋವೆಂದು ರಜೆ ಹಾಕಿದ್ದ. ಅತಿಥಿಗಳೆದುರು ಮುಚ್ಚಳ ತೆಗೆದರೆ ತೊಟ್ಟಿಯ ತುಂಬ ಬಿಳಿ ನೊರೆ. ಆ ಕೋಣೆಯಲ್ಲಿ ಕೆಂಪಗಿದ್ದದ್ದು ಮುಖ್ಯಸ್ಥರ ಕಿವಿಗಳು ಮಾತ್ರ.

"ಇದು... ನಮ್ಮ ನೈಸರ್ಗಿಕ ಬಿಳಿ," ಎಂದರು ಅವರು.

ಐಸ್‌ಕ್ರೀಮ್ ಕಂಪನಿಯ ಹೆಂಗಸು ಬಗ್ಗಿ ನೋಡಿದಳು. "ಬಿಳಿ ನಮ್ಮ ಹಾಲಲ್ಲೇ ಇದ್ಯಲ್ಲ. ಕೆಂಪು ಎಲ್ಲಿ?"

"ಇದೆ, ಇದೆ! ಮುಂದಿನ ತಿಂಗಳು ತೋರಿಸ್ತೀವಿ."

ಅತಿಥಿಗಳ ಕಾರು ಗೇಟು ದಾಟಿದ್ದೇ ತಡ, ಮುಖ್ಯಸ್ಥರು ಅವಳ ಬೆನ್ನುಹತ್ತಿದರು. "ಅಸಲಿ ಕೆಂಪು ಯೀಸ್ಟು ಫ್ರೀಜರ್‌ನಲ್ಲಿ ಇಟ್ಟಿದ್ದೀಯಲ್ಲ? ಇವತ್ತೇ ಶುರು ಮಾಡು. ಖಾಯಂ ವಿಷಯ ಆಮೇಲೆ ನೋಡೋಣ."

ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಆದರೂ ಕೈಗವಸು ಕಳಚಿ ಮೇಜಿನ ಮೇಲಿಟ್ಟು ತಣ್ಣಗೆ ಹೇಳಿದಳು:

"ಇಟ್ಟಿದ್ದೀನಿ ಸಾರ್. ಆದ್ರೆ ಕೆಲಸ ಮಾಡೋ ಜಾತಿ ಸ್ವಲ್ಪ ನಿಧಾನ. ಖಾಯಂ ಆದೇಶ ಕೈಗೆ ಬರಲಿ, ಶುರು ಮಾಡ್ತೀನಿ. ಅವಸರ ಇದ್ರೆ ನಿಮ್ಮ ಭಾವಮೈದುನ ಇದ್ದಾರಲ್ಲ, ಬೇಗ ಬೆಳೆಯೋರು. ಅವರ ಕೈಲೇ ಮಾಡಿಸಿ."

ಸಂಜೆ ಖಾಯಂ ಆದೇಶದ ಪ್ರತಿ ಹಿಡಿದು ಮುಖ್ಯಸ್ಥರೇ ಅವಳ ಮೇಜಿನ ಬಳಿ ಬಂದರು.

"ಇಲ್ಲೊಂದು ಸಹಿ ಹಾಕಿ, ಮೇಡಂ," ಎಂದರು.