ಕಾಗದದಲ್ಲಿ ಬಂದ ರಿಬ್ಬನ್

ಬ್ರೆಡ್ಡಿನ ಅಂಗಡಿಯ ಹುಡುಗಿ ಎರಡನೇ ಸಲವೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಹಾನುಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಇನ್ನೂ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಡ್ಯಾನಿಶ್‌ನಲ್ಲಿ ಮತ್ತೆ ಹೇಳಿದ: "ದಾಲ್ಚಿನ್ನಿಯಿಂದ ಕೂಡಿದ ಎರಡು ರೊಟ್ಟಿಗಳನ್ನು ನಮಗೆ ದಯಪಾಲಿಸಬೇಕಾಗಿ ವಿನಂತಿ." ಹಿಂದೆ ನಿಂತಿದ್ದ ಗಿರಾಕಿಯೊಬ್ಬ ನೆಲ ನೋಡಿಕೊಂಡು ನಕ್ಕ. ಅಷ್ಟರಲ್ಲಿ ತಂಗಿ ಮಾರ್ಯುನ್ ಮುಂದೆ ಬಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿ, ಎರಡು ಬೆರಳೆತ್ತಿದಳು. ಪೊಟ್ಟಣ ಕೈಗೆ ಬಂತು.

"ನಲವತ್ತು ವರ್ಷ ಚರ್ಚಲ್ಲಿ ಓದಿದೋನಿಗೆ ಒಂದು ಬನ್ನು ಹುಟ್ಟಲಿಲ್ಲ ನೋಡು," ಅಂದಳು ಹೊರಗೆ ಬಂದಮೇಲೆ. "ನನ್ನ ಬೆರಳು ಯಾವ ಇಸ್ಕೂಲಿಗೂ ಹೋಗಿರಲಿಲ್ಲ."

"ಇವರಿಗೇ ಡ್ಯಾನಿಶ್ ಬರಲ್ಲ," ಎಂದ ಹಾನುಸ್. "ಅರ್ಧ ಅಕ್ಷರ ನುಂಗಿಬಿಡ್ತಾರೆ."

ಹಾನುಸನದು ಪುಸ್ತಕದ ಡ್ಯಾನಿಶ್. ಡೆನ್ಮಾರ್ಕಿಗೆ ಸೇರಿದ ಫ್ಯಾರೊ ದ್ವೀಪದ ಅವರ ಊರಿಗೆ ಪಾದ್ರಿ ದೋಣಿ ಹತ್ತಿ ಬರುತ್ತಿದ್ದುದು ಆರು ಭಾನುವಾರಕ್ಕೊಮ್ಮೆ. ಉಳಿದ ಐದು ಭಾನುವಾರ ಹಳೆಯ ಚರ್ಮದ ರಟ್ಟಿನ ಪುಸ್ತಕದಿಂದ ಬೋಧನೆ ಓದುವ ಕೆಲಸ ಅವನದು. ಶಾಲೆಗೆ ಹೋದದ್ದು ನಾಲ್ಕು ಚಳಿಗಾಲ ಮಾತ್ರ, ಆದರೂ ಬರೆದದ್ದನ್ನು ಬರೆದ ಹಾಗೇ ಒದರುವುದರಲ್ಲಿ ಅವನನ್ನು ಮೀರಿಸುವವರು ಆ ಕೊಲ್ಲಿಯಲ್ಲಿ ಇರಲಿಲ್ಲ. ಸರ್ಕಾರದ ಕಾಗದ, ವಿಮೆಯ ಕಾಗದ, ಆಸ್ಪತ್ರೆಯ ಕಾಗದ, ಡ್ಯಾನಿಶ್‌ನಲ್ಲಿ ಏನೇ ಬರಲಿ, ಜನ ಅವನ ಅಡುಗೆಮನೆಗೆ ತರುತ್ತಿದ್ದರು. ಅವನು ಕನ್ನಡಕ ಏರಿಸಿ ಓದಿ, ಊರಿನ ಮಾತಿನಲ್ಲಿ ಅರ್ಥ ಹೇಳುತ್ತಿದ್ದ. ಕಾಫಿ ಕುಡಿದು ಜನ ಹೋಗುತ್ತಿದ್ದರು.

ಕೋಪನ್‌ಹೇಗನ್ನಿಗೆ ಬಂದದ್ದು ಅವನ ಕಣ್ಣಿನ ಪರೀಕ್ಷೆಗೆ. ಹತ್ತು ಗಂಟೆಗೆಲ್ಲ ಅದು ಮುಗಿದು, ಇನ್ನೆರಡು ವರ್ಷ ಈ ಕಡೆ ಬರಬೇಡಿ ಎಂದು ಡಾಕ್ಟರು ಕೈಕುಲುಕಿ ಕಳಿಸಿದ್ದರು. ವಿಮಾನ ಸಂಜೆ ಆರಕ್ಕೆ. ನಡುವಿನ ಹೊತ್ತಿನಲ್ಲಿ ಏನೇನು ನೋಡಬೇಕೆಂದು ಹಾನುಸನ ಅಕ್ಕನ ಹೆಸರಿಟ್ಟುಕೊಂಡ ಸೋದರ ಸೊಸೆ ಬಿಲ್ಲಾ ಒಂದು ಚೀಟಿ ಬರೆದುಕೊಟ್ಟಿದ್ದಳು: ಅರಮನೆಯ ಕಾವಲು ಬದಲಾಗುವುದು, ದುಂಡು ಗೋಪುರ, ಕಾಲುವೆಯ ದೋಣಿ. ಮಾರ್ಯುನ್ ಆ ಚೀಟಿಯನ್ನು ಮಡಿಸಿ ಪರ್ಸಿನ ತಳಕ್ಕೆ ಹಾಕಿದ್ದಳು. ಅವಳ ಬಳಿ ಬೇರೆ ಚೀಟಿ ಇತ್ತು. ಅದು ಅವರ ಅಮ್ಮನದು, ಹಾಡಿನ ಪುಸ್ತಕದೊಳಗೆ ಇಟ್ಟು ಇಟ್ಟು ಹಳದಿಯಾದದ್ದು. ವಿಭಾಗ, ಸಾಲು, ಅಂಕಿ. ಅಷ್ಟೇ ಇತ್ತು ಅದರಲ್ಲಿ.

ಹಿರಿಯ ಬಿಲ್ಲಾ, ಅವರ ಅಕ್ಕ, ಹದಿನೆಂಟಕ್ಕೆ ಈ ಊರಿಗೆ ಮನೆಗೆಲಸಕ್ಕೆ ಬಂದು, ಹತ್ತೊಂಬತ್ತು ತುಂಬಿ ಮೂರು ವಾರಕ್ಕೆ ಕಾಮಾಲೆಯಲ್ಲಿ ತೀರಿಕೊಂಡಿದ್ದಳು. ಚಳಿಗಾಲ, ಹಡಗಿರಲಿಲ್ಲ, ಮನೆಯೊಡತಿಯೇ ಮಣ್ಣು ಮಾಡಿಸಿ ಅಂಕಿ ಬರೆದು ಕಳಿಸಿದ್ದಳು. ಅದಾಗಿ ಐವತ್ತನಾಲ್ಕು ವರ್ಷ. ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಆ ಜಾಗ ನೋಡಿರಲಿಲ್ಲ.

"ರಿಬ್ಬನ್ ಇಷ್ಟೊತ್ತಿಗೆ ಕರಗಿಹೋಗಿರುತ್ತೆ ಬಿಡು," ಎಂದಳು ಮಾರ್ಯುನ್ ಬಸ್ಸಿನಲ್ಲಿ. ಕೈಚೀಲ ತೆರೆದು ತಾನೇ ನೇಯ್ದ ನೀಲಿ ಪಟ್ಟಿಯನ್ನು ಒಂದು ಸಲ ಮುಟ್ಟಿ ನೋಡಿದಳು. "ಅದಕ್ಕೇ ಉಣ್ಣೇದು ತಂದೆ. ತಡೀತದೆ."

ಆ ರಿಬ್ಬನ್ನಿನ ವಿಷಯ ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಬಿಲ್ಲಾ ಹೋಗಿ ಇಪ್ಪತ್ತು ವರ್ಷವಾದಾಗ ಸ್ಮಶಾನದ ಕಚೇರಿಯಿಂದ ಅಮ್ಮನ ಹೆಸರಿಗೆ ಒಂದು ಕಾಗದ ಬಂದಿತ್ತು. ಹಾನುಸ್ ಓದಿ ಹೇಳಿದ್ದ: ಅವಧಿ ತುಂಬಿದ್ದರಿಂದ ಸಮಾಧಿಗೆ ರಿಬ್ಬನ್ ಕಟ್ಟುತ್ತಾರಂತೆ. ಅಮ್ಮ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ರಾಜನ ಊರಿನವರು ನಮ್ಮಂಥವರ ಮಗಳನ್ನೂ ನೆನಪಿಟ್ಟುಕೊಂಡರಲ್ಲ ಎಂದು ಇಡೀ ಊರಿಗೆ ಹೇಳಿಕೊಂಡು ಬಂದಿದ್ದಳು.

ಸ್ಮಶಾನದ ಗೇಟಿನ ಬಳಿ ಮಾರ್ಯುನ್ ಬೆಂಚಿನ ಮೇಲೆ ಪ್ರಯಾಣದ ಪೆಟ್ಟಿಗೆ ಕಾಯುತ್ತ ಕೂತಳು. ಹಾನುಸ್ ಒಳಗೆ ಹೋದ. ಕಚೇರಿಯಲ್ಲಿ ರಬ್ಬರ್ ಬೂಟು ಹಾಕಿದ ಐವತ್ತರ ಹೆಂಗಸೊಬ್ಬಳು ಊಟದ ಡಬ್ಬಿ ತೆರೆಯುತ್ತಿದ್ದಳು.

"ಮಾನ್ಯರೇ," ಎಂದು ಹಾನುಸ್ ಶುರುಮಾಡಿದ, "ನನ್ನ ಸಹೋದರಿಯು ಎಲ್ಲಿ ವಿಶ್ರಮಿಸುತ್ತಿರುವಳೆಂಬುದನ್ನು ಅರುಹುವ ಕೃಪೆ ಮಾಡಬೇಕು."

ಅವಳು ಇಂಗ್ಲಿಷಿಗೆ ಹೋಗಲಿಲ್ಲ. ಡಬ್ಬಿ ಮುಚ್ಚಿಟ್ಟಳು. "ನೀವು ಮಾತಾಡೋದು ಇಲ್ಲಿನ ಹಳೇ ಕಲ್ಲುಗಳ ಥರ ಇದೆ," ಎಂದಳು. "ಒಂದಕ್ಷರಾನೂ ಬಿಡಲ್ಲ. ಕೂತ್ಕೊಳ್ಳಿ." ಚೀಟಿ ಇಸಿದುಕೊಂಡು ದಪ್ಪ ಪುಸ್ತಕವೊಂದನ್ನು ಇಳಿಸಿ ಪುಟ ಮಗುಚಿದಳು. "ಹ್ಞಾ, ಇಲ್ಲಿದೆ. ಎಪ್ಪತ್ತೆಂಟರಲ್ಲಿ ಸ್ಲೊಯ್ಫೆ ಆಗಿದೆ."

"ಅಹುದು, ಆ ಪತ್ರವು ನಮಗೆ ತಲುಪಿತ್ತು," ಎಂದ ಹಾನುಸ್. "ನಮ್ಮ ತಾಯಿಗೆ ಅತೀವ ಸಂತೋಷವಾಯಿತು. ಆಕೆಯ ಪರವಾಗಿ ಧನ್ಯವಾದಗಳನ್ನು ಅರ್ಪಿಸುತ್ತೇನೆ."

ಹೆಂಗಸು ಅವನ ಮುಖವನ್ನೇ ನೋಡಿದಳು. ತಮಾಷೆಯೋ ಏನೋ ಎಂದು ಅಳೆಯುವಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ರೊಟ್ಟಿಯ ಚೂರುಗಳನ್ನೆಲ್ಲ ಒಂದೇ ಸಲಕ್ಕೆ ಅಂಚಿನಾಚೆಗೆ ಸರಿಸಿದಳು. "ಸ್ಲೊಯ್ಫೆ," ಎಂದಳು ಮೆಲ್ಲಗೆ. "ತೆಗೆದುಹಾಕೋದು. ಯಾರೂ ಮುಂದುವರಿಸಿ ಅಂತ ಬರೀದಿದ್ರೆ ಕಲ್ಲು ಕಿತ್ತು ನೆಲ ಸಮ ಮಾಡಿಬಿಡ್ತೀವಿ."

ಅವರ ಊರಿನ ಮಾತಿನಲ್ಲಿ ಸ್ಲೊಯ್ಫಾ ಎಂದರೆ ಹೆಣ್ಣುಮಕ್ಕಳ ಜಡೆಗೆ ಕಟ್ಟುವ ರಿಬ್ಬನ್ನಿನ ಗಂಟು. ಬೇರೆ ಅರ್ಥ ಇಲ್ಲ.

ಕಚೇರಿಯ ಹೆಂಗಸು ಅವನನ್ನು ಬಾಗಿಲ ತನಕ ಬಂದು ಕಳಿಸಿದಳು. ಆ ಸಾಲೆಲ್ಲ ಈಗ ಹುಲ್ಲುಹಾಸು, ಬೀಚ್ ಎಂಬ ಜಾತಿಯ ಮರಗಳ ಕೆಳಗೆ. ಏನಾದರೂ ಇಟ್ಟು ಹೋಗಬೇಕೆಂದರೆ ಇಡಬಹುದು, ಆದರೆ ನಾಳೆ ಶುಕ್ರವಾರ ಹುಲ್ಲು ಕತ್ತರಿಸುವವರು ಬಂದು ಎಲ್ಲ ತೆಗೆಯುತ್ತಾರೆ ಎಂದು ತಿಳಿಸಿದಳು.

ಕಚೇರಿಯಿಂದ ಬೆಂಚಿಗೆ ಎಪ್ಪತ್ತು ಹೆಜ್ಜೆ ಇರಬಹುದು. ಹೇಳದೆ ಇರುವುದು ಸುಲಭವಿತ್ತು. ಬಿಲ್ಲಾಳಿಗೆ ಇದ್ದದ್ದೇ ಒಂದು ಪುಟ್ಟ ಕಲ್ಲು. ಕಾಲ ಕಳೆಯಿತು, ಮಣ್ಣಲ್ಲಿ ಹೂತುಹೋಯಿತು ಎಂದರೆ ಮಾರ್ಯುನ್ ನಂಬುತ್ತಾಳೆ. ಡ್ಯಾನಿಶ್‌ನ ವಿಷಯದಲ್ಲಿ ಅವಳು ಅವನನ್ನು ಯಾವತ್ತೂ ನಂಬಿದವಳೇ. ಹಾನುಸ್ ಟೋಪಿ ಹಾಕಿಕೊಂಡ, ಮತ್ತೆ ತೆಗೆದ.

ಇಬ್ಬರೂ ಹುಲ್ಲಿನ ತನಕ ಹೋದರು. ಪೆಟ್ಟಿಗೆಯ ಗಾಲಿ ಜಲ್ಲಿಯ ಮೇಲೆ ಕಟಕಟ ಸದ್ದು ಮಾಡಿತು. ಮರಗಳು ಎಷ್ಟು ಎತ್ತರ ಇದ್ದವೆಂದರೆ ಮಾರ್ಯುನ್ ಮೇಲೆ ನೋಡಲು ಸ್ಕಾರ್ಫು ಹಿಡಿದುಕೊಳ್ಳಬೇಕಾಯಿತು.

"ಎಲ್ಲಿ?" ಎಂದಳು.

"ಸಹೋದರಿಯೇ," ಎಂದ ಹಾನುಸ್, ಡ್ಯಾನಿಶ್‌ನಲ್ಲಿ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಓದುವ ದನಿ ಅದು. "ಆ ಪತ್ರದ ಸಂಬಂಧದಲ್ಲಿ ನಾನು ನಿವೇದಿಸುವುದೇನೆಂದರೆ..."

"ಮನೆ ಮಾತಲ್ಲಿ ಹೇಳು, ಅಣ್ಣ."

ಅವನು ಮನೆಯ ಮಾತಿನಲ್ಲೇ ಹೇಳಿದ. ಪದದ ಅರ್ಥ, ಅಂಗೈ, ಎಪ್ಪತ್ತೆಂಟು, ಎಲ್ಲ. ಉದ್ದ ಏನಿರಲಿಲ್ಲ, ನಾಲ್ಕೇ ಮಾತು.

ಮಾರ್ಯುನ್ ಹುಲ್ಲನ್ನು ನೋಡುತ್ತ ನಿಂತಳು. "ಸರಿಯಾಗಿ ಓದಿದ್ರೆ ಏನ್ ಮಾಡ್ತಿದ್ದೆ?"

"ಉತ್ತರ ಬರೀತಿದ್ದೆ. ಇರಲಿ ಬಿಡಿ, ತೆಗೀಬೇಡಿ ಅಂತ."

"ಒಂದು ಕಾಗದ."

"ಒಂದೇ."

ದೂರದಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅಮ್ಮ ಆ ಪತ್ರ ಬಂದ ಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಪ್ರತಿ ಕ್ರಿಸ್‌ಮಸ್ಸಿಗೂ, ಬೆಂದ ಕುರಿಮಾಂಸದ ತಟ್ಟೆ ಮೇಜಿಗೆ ಬರುವ ಮೊದಲು, ನಮ್ಮ ಬಿಲ್ಲಾಳ ರಿಬ್ಬನ್ನಿನ ಮೇಲೆ ಹಿಮ ಬಿದ್ದಿರುತ್ತೆ ಎನ್ನುತ್ತಿದ್ದಳು.

"ಯಾವ ಬಣ್ಣ ಅಂತ ಅಮ್ಮ ಕೇಳಿದಾಗ ನೀಲಿ ಅಂದ್ಯಲ್ಲ," ಎಂದಳು ಮಾರ್ಯುನ್. "ಅದು ಯಾವ ಪದ?"

"ಅದು ಕಾಗದದಲ್ಲಿ ಇರಲಿಲ್ಲ."

ಅವಳು ಅಣ್ಣನ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡ. ಬಯ್ಯಲಿಲ್ಲ. ಇಲ್ಲಿ ಏನಾದರೂ ಕಟ್ಟಿದರೆ ಇರುತ್ತದೆಯೇ ಎಂದು ಕೇಳಿದಳು. ನಾಳೆ ತೆಗೆಯುತ್ತಾರೆ ಎಂದು ಹೇಳಿದ.

"ಹಾಗಾದ್ರೆ ಸ್ಲೊಯ್ಫಾನೇ ಸ್ಲೊಯ್ಫೆ ಮಾಡ್ತಾರೆ ಅನ್ನು," ಎಂದಳು. ಆಮೇಲೆ ಚೀಲ ಕೆಳಗಿಟ್ಟು, ಕೈಗೆ ಎಟುಕುವ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದುಕೊಳ್ಳಲು ಅಣ್ಣನಿಗೆ ಹೇಳಿದಳು. ಅವನು ಹಿಡಿದ. ಅವಳು ಎರಡು ಸಲ ಬಿಚ್ಚಿ, ಮೂರನೇ ಸಲ ಕಿವಿಗಳು ಸಮನಾಗಿ ಬರುವಂತೆ ಗಂಟು ಹಾಕಿದಳು. ಬಿಡು ಎಂದ ಮೇಲೆ ಅವನು ಕೊಂಬೆಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟ.

"ಏನಾದ್ರೂ ಹೇಳು ಈಗ. ಡ್ಯಾನಿಶ್‌ನಲ್ಲಿ ಬೇಡ, ಬಿಲ್ಲಾ ನಗ್ತಾಳೆ. ಅವಳು ಇಲ್ಲಿ ಒಂದು ವರ್ಷ ಇದ್ದೋಳು."

ಪ್ರಾರ್ಥನೆಯನ್ನು ಹಾನುಸ್ ಮನೆಯ ಮಾತಿನಲ್ಲಿ ಹೇಳಿದ್ದು ಕಡಿಮೆ. ನಡುನಡುವೆ ಪದ ಸಿಗದೆ ನಿಂತ. ನಿಂತಲ್ಲೆಲ್ಲ ಮಾರ್ಯುನ್ ಎತ್ತಿಕೊಟ್ಟಳು. ಮುಗಿಯಿತು.

ಗಂಟೆ ಎರಡೂವರೆ ಆಗಿತ್ತು. ದುಂಡು ಗೋಪುರಕ್ಕೆ ಇನ್ನೂ ಹೊತ್ತಿದೆ, ಬೇಕಾದರೆ ಹೋಗಬಹುದು ಎಂದ ಹಾನುಸ್. ಮಾರ್ಯುನ್ ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಅಡ್ಡ ಮಲಗಿಸಿ ಅದರ ಮೇಲೆ ಕೂತಳು, ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು. ಪೊಟ್ಟಣ ತೆರೆದು ಒಂದು ಬನ್ನು ಅವನಿಗೆ ಕೊಟ್ಟಳು. ಅದು ತಣ್ಣಗಾಗಿ, ಸಕ್ಕರೆ ಕಾಗದಕ್ಕೆ ಅಂಟಿಕೊಂಡಿತ್ತು.

"ಗಾಳೀನೇ ಇಲ್ಲವಲ್ಲ ಈ ಊರಲ್ಲಿ," ಎಂದಳು.

ಇರಲಿಲ್ಲ. ಅವರು ತಿನ್ನುತ್ತ ಕೂತಷ್ಟು ಹೊತ್ತೂ ರಿಬ್ಬನ್ನಿನ ಎರಡು ತುದಿಗಳು ಅಲುಗಾಡದೆ ನೇರ ಕೆಳಗೆ ಇಳಿಬಿದ್ದಿದ್ದವು.