ಕಾಲುವೆ ಏರಿಯ ಮೇಲೆ ಅಮ್ಮ

ಬೆಳಕಿನ ಕೋಲಿನೊಳಗೆ ಧೂಳು ಮೇಲಕ್ಕೆ ಏರುತ್ತಿದೆಯೋ ಕೆಳಕ್ಕೆ ಇಳಿಯುತ್ತಿದೆಯೋ, ಎಷ್ಟು ನೋಡಿದರೂ ತಿಳಿಯುವುದಿಲ್ಲ, ಹೊರಗೆ ಪಾಂಡವಪುರದ ಮಧ್ಯಾಹ್ನ ಸುಡುತ್ತಿದೆ, ಇಲ್ಲಿ ಟಾಕೀಸಿನೊಳಗೆ ಕತ್ತಲೆ, ಯಾರದೋ ಕೈಯಿಂದ ವಡೆಯ ವಾಸನೆ — ಎಲ್ಲರೂ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ನೇರ ಇಲ್ಲಿಗೇ ಬಂದವರು, ಭಾನುವಾರಗಳಲ್ಲಿ ಹಳೆಯ ಪಿಕ್ಚರ್ ತೋರಿಸುವ ಕೆಂಪಣ್ಣ ಈ ಒಂದನ್ನು ಮಾತ್ರ ಪಕ್ಷದ ಅಮಾವಾಸ್ಯೆಗೆಂದೇ ಎತ್ತಿಡುತ್ತಾರೆ, ಇದರಲ್ಲಿ ನಮ್ಮ ಸತ್ತವರಿದ್ದಾರೆ. ಅರಕೆರೆಯ ಕಾಲುವೆ ಏರಿಯ ಮೇಲೆ ಶೂಟಿಂಗ್ ನಡೆದ ದಿನ ಊರಿಗೆ ಊರೇ ಕ್ಯಾಮ್ರಾದ ಎದುರು ನಡೆದು ಹೋಯಿತಂತೆ, ಗಂಡಸರು ಮುಂದೆ, ಹುಲ್ಲಿನ ಹೊರೆ ಹೊತ್ತ ಹೆಂಗಸರು ಹಿಂದೆ, ಕಟ್ಟಕಡೆಯವಳು ನನ್ನ ಅಮ್ಮ ಮಂಗಳಮ್ಮ, ನಾನು ಅವಳ ಹೊಟ್ಟೆಯಲ್ಲಿ, ಹಾಗಾದರೆ ಅಲ್ಲಿ ನಾನೂ ನಡೆಯುತ್ತಿದ್ದೇನೆ, ಆಮೇಲೆ ನಾನು ಹುಟ್ಟಿದೆ, ಅವಳು ಉಳಿಯಲಿಲ್ಲ. ಮದುವೆಯ ಫೋಟೋಗಳನ್ನು ಅಪ್ಪ ಎರಡನೇ ಮದುವೆಗೆ ಮುಂಚೆ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟರಂತೆ, ಡೈರಿಯಲ್ಲಿ ಅಮ್ಮ ಎಂದು ಬರೆದು ಎಷ್ಟು ಸಲ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೇನೆ, ಮುಖವೇ ಗೊತ್ತಿಲ್ಲದವಳ ಬಗ್ಗೆ ಏನು ಬರೆಯುವುದು.

ಪಕ್ಕದಲ್ಲಿ ಅಜ್ಜಿ, ಅಮ್ಮನ ತಾಯಿ, ನನ್ನನ್ನು ಸಾಕಿದವಳು, ಈಗ ಕಣ್ಣಿಗೆ ಬರಿಯ ಮಂಜು, ಆದರೂ ಬಂದೇ ಬರುತ್ತಾಳೆ, ನನ್ನ ಮಣಿಕಟ್ಟು ಹಿಡಿದುಕೊಂಡು ಕೇಳುತ್ತಾಳೆ, ಬಂದ್ಲೇನವ್ವಾ? ಇನ್ನೂ ಇಲ್ಲಜ್ಜಿ, ಗಂಡಸರು ಬರ್ತಾವ್ರೆ. ಮುಂದಿನ ಸಾಲಿನಲ್ಲಿ ಮಂಚಯ್ಯ ಎದ್ದು ನಿಲ್ಲುತ್ತಾನೆ, ಲೇ ಕೆಂಪಣ್ಣ, ನಮ್ಮಪ್ಪ ಬಂದ ಕಣ್ಲಾ, ಒಸಿ ನಿಲ್ಸ್ಲಾ! ಮೇಲಿನ ಕಿಂಡಿಯಿಂದ ಕೆಂಪಣ್ಣ, ನಿಮ್ಮಪ್ಪನ್ನ ಓದ್ ವರ್ಸಾನೇ ಸುಟ್ಟಾಯ್ತಲ್ಲೋ, ಈಗ ಕಾಲಷ್ಟೇ ಉಳ್ಕಂಡವೆ. ಕಾಲೇ ಸಾಕು ನಿಲ್ಸ್ಲಾ, ಅಡ್ಡಬೀಳ್ತೀನಿ. ಎಲ್ಲರೂ ನಗುತ್ತಾರೆ, ಮಿಷನ್ ನಿಲ್ಲುತ್ತದೆ, ಎರಡು ಕಾಲುಗಳು ಗಾಳಿಯಲ್ಲಿ ನಿಂತುಬಿಡುತ್ತವೆ, ನಗು ತಾನಾಗಿ ಆರುತ್ತದೆ — ನಿಂತ ರೀಲಿಗೆ ದೀಪದ ಕಾವು ತಾಗಿ ನಡುವೆ ಕಂದು ಚುಕ್ಕೆಯೊಂದು ಏಳುತ್ತದೆ, ಅರಳುತ್ತದೆ, ಅಂಚು ಗುಳ್ಳೆಯೇಳುತ್ತದೆ, ಮಂಚಯ್ಯ ಕೈಮುಗಿದೇ ಇದ್ದಾನೆ, ಆಮೇಲೆ ಬಿಳಿ ಪರದೆ. ಸುಟ್ಟಷ್ಟನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಮತ್ತೆ ಓಡಿಸುತ್ತಾರೆ. ಹೀಗೇ ಪ್ರತಿ ವರ್ಷ, ಕಣ್ತುಂಬ ನೋಡಬೇಕೆಂದವರೆಲ್ಲ ತಮ್ಮವರನ್ನು ತಾವೇ ಸುಟ್ಟುಕೊಂಡಿದ್ದಾರೆ, ಸುಡುತ್ತದೆಂದು ತಿಳಿದೂ ನಿಲ್ಸು ಅನ್ನುತ್ತಾರೆ.

ಅಜ್ಜಿಯೂ ನಿಲ್ಸು ಅಂದಿದ್ದಳು, ನಾನು ತೊಟ್ಟಿಲಲ್ಲಿದ್ದಾಗ, ಈಗಲೂ ಹೇಳಿಕೊಳ್ಳುತ್ತಾಳೆ. ಕ್ಯಾಮ್ರಾ ಕಡೆ ಯಾರೂ ನೋಡ್ಬೇಡಿ ಅಂತ ಅವ್ರು ಬಡ್ಕಂಡ್ರೂ ನಿಮ್ಮವ್ವ ಒಬ್ಳೇ ನಗ್ತಾ ತಿರುಗ್ಬುಟ್ಲು ಕಣವ್ವಾ, ಆ ಮಕಾನ ನಾನೇ ನಿಲ್ಸಿ ಸುಡುಸ್ಬುಟ್ಟೆ, ನೀನು ಮಾತ್ರ ಅನ್ಬೇಡ. ಆದ್ದರಿಂದ ನನ್ನ ಅಮ್ಮನಿಗೆ ಬೆನ್ನಷ್ಟೇ ಇತ್ತು, ಹೊರೆ, ಜಡೆ, ಹಿಮ್ಮಡಿ, ಅಲ್ಲಿಗೆ ಮುಗಿಯಿತು, ಮುಂದೆ ಬೇರೆ ಸೀನು, ಜೀಪು. ಆದರೆ ಎರಡು ವರ್ಷದ ಹಿಂದೆ ಕಿವಿಯ ಓಲೆ ಕಂಡಿತ್ತು. ಹೋದ ವರ್ಷ ಕೆನ್ನೆ. ಧೈರ್ಯ ಮಾಡಿ ಕೆಂಪಣ್ಣನನ್ನು ಕೇಳಿದ್ದೆ, ಎದುರು ನಿಂತು ಅವರೊಡನೆ ನಾನಾಡಿದ ಮಾತು ಅದೊಂದೇ. ಕೆನ್ನೆ ಎಲ್ಲೈತವ್ವಾ ಅದ್ರಾಗೆ, ನಾನೇ ಕತ್ತರ್ಸಿ ಬಿಸಾಕಿವ್ನಿ, ಎಡೆ ಉಂಡು ನಿದ್ದೆಗಣ್ಣಾಗೆ ನೋಡಿದ್ದೀಯ ಓಗು ಅಂದರು, ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ ಡಬ್ಬಿಯ ಮುಚ್ಚಳ ಹಾಕಿದರು.

ಈಗ ಹೆಂಗಸರು, ಹುಲ್ಲಿನ ಹೊರೆಗಳು ತೂಗುತ್ತಾ, ಬಂದ್ಲಾ ಮಗ? ಬಂದ್ಲು. ಬೆನ್ನು, ಜಡೆ, ಓಲೆ ಮಿಂಚಿತು, ಕೆನ್ನೆ, ಇಲ್ಲಿಗೆ ಜೀಪು ಬರಬೇಕು, ಬರುತ್ತಿಲ್ಲ, ಮುಂದಿನವರೆಲ್ಲ ಏರಿ ಇಳಿದು ಹೋದರು, ಅವಳೊಬ್ಬಳೇ ಉಳಿದಿದ್ದಾಳೆ, ಮೂಗು, ತುಟಿಯ ತುದಿ, ಇನ್ನು ಸ್ವಲ್ಪ, ಸುಮ್ಮನಿರಬೇಕು, ಸುಮ್ಮನಿದ್ದರೆ ಮುಂದಿನ ವರ್ಷವೂ ಬರುತ್ತಾಳೆ, ಕಣ್ಣು — ನನ್ನ ಕಡೆಗೇ, ಇಷ್ಟು ಜನರಲ್ಲಿ ನಾನು ಕೂತ ಕಡೆಗೇ, ಆದರೆ ಸರಿಯುತ್ತಿದೆ, ಈಗ ತಿರುಗಿ ಹೋಗುತ್ತಾಳೆ, ಹೋಗುತ್ತಾಳೆ, ನಿಲ್ಸಿ! ಯಾರದು ಆ ದನಿ, ಅಜ್ಜಿಯ ಉಗುರು ನನ್ನ ಮಣಿಕಟ್ಟಿನೊಳಗೆ ಇಳಿಯುತ್ತಿದೆ, ನನ್ನದೇ, ಮಿಷನ್ನಿನ ಸದ್ದಿಲ್ಲ, ಅಮ್ಮ ನಿಂತಿದ್ದಾಳೆ, ಪೂರ್ತಿ, ಹುಲ್ಲಿನ ಎಸಳೊಂದು ಹುಬ್ಬಿನ ಮೇಲೆ, ಬರಿಯ ಹಣೆ, ನಗುತ್ತಿಲ್ಲ ಅಜ್ಜಿ, ನಗುತ್ತಿದ್ದಳು ಎಂದೆಯಲ್ಲ, ಏನೋ ಬೇಡ ಬೇಡ ಎನ್ನುವ ಹಾಗೆ ತುಟಿ. ಎಂಗವ್ಳೆ ಯೋಳವ್ವಾ, ಬೊಟ್ಟಿಟ್ಕಂಡವ್ಳಾ? ಇಟ್ಕತಾವ್ಳೆ ಅಜ್ಜಿ, ಈಗ ಇಟ್ಕತಾವ್ಳೆ, ಹಣೆಯ ನಡುವೆ, ಕಂದು, ಸಾಸಿವೆಯಷ್ಟು, ಕಾಸಿನಷ್ಟು —