ತಲೆಯೆತ್ತಿ ನಡೆಯುತ್ತಿದ್ದ ಲುದ್ವಿಕಾ

ಪಾನಿ ಲುದ್ವಿಕಾ, ನಮ್ಮ ಪೋಲಿಷ್ ಮಾತಿನಲ್ಲಿ ಎಂದರೆ ಲುದ್ವಿಕಾ ಅಮ್ಮನವರು, ಬೀದಿಯಲ್ಲಿ ನಡೆಯುವಾಗ ನೆಲ ನೋಡಿದ್ದನ್ನು ನಾನು ಕಂಡಿಲ್ಲ. ಕತ್ತನ್ನು ಹಿಂದಕ್ಕೆ ಬಾಗಿಸಿ, ಗದ್ದವನ್ನು ಮುಂದಕ್ಕೆ ಚಾಚಿ, ಅಂಗಡಿಗಳ ನಾಮಫಲಕಗಳನ್ನೆಲ್ಲ ದಾಟಿ ಮೂರನೆಯ ಅಂತಸ್ತಿನ ಕಿಟಕಿಗಳ ಮೇಲೆಲ್ಲೋ ದೃಷ್ಟಿ ನೆಟ್ಟು, ಎಡಗೈಯಿಂದ ಗೋಡೆ ಸವರಿಕೊಂಡು ಅವರು ಸಾಗುತ್ತಿದ್ದರು. ನಮ್ಮ ವ್ರೊತ್ಸ್ವಾಫ್ ನಗರದ ಕಾಲುದಾರಿಗಳು ಹಾಗೆ ನಡೆಯುವವರಿಗೆ ಹೇಳಿಮಾಡಿಸಿದವಲ್ಲ. ಟ್ರಾಮಿನ ಹಳಿಗೆ ಎಡವುತ್ತಿದ್ದರು, ಕೆಸರಿಗೆ ಕಾಲಿಡುತ್ತಿದ್ದರು. ಒಮ್ಮೆ ದೀಪದ ಕಂಬಕ್ಕೆ ಡಿಕ್ಕಿ ಹೊಡೆದು ಅದರ ಕ್ಷಮೆ ಕೇಳಿ ಮುಂದೆ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುತ್ತಿದ್ದ ಗೆನೊವೆಫಾ, ಬಾಗಿಲಲ್ಲಿ ಪೊರಕೆ ಹಿಡಿದು ನಿಂತಲ್ಲಿಂದಲೇ ಕೂಗುತ್ತಿದ್ದಳು: "ಏನ್ ಪಾನಿ ಲುದ್ವಿಕಾ, ಇವತ್ತು ಆಕಾಶದಲ್ಲಿ ಯಾವ ಜರ್ಮನ್ ಸಿಕ್ಕ?"

"ನಂಗೇನ್ ಗೊತ್ತು, ಆದ್ರೆ ಆ ಮೂಲೆ ಔಷಧಿ ಅಂಗಡಿ ಇದ್ಯಲ್ಲ, ಅಲ್ಲಿ ಗಾರೆ ಉದುರಿದೆ. ಅಡಿಯಲ್ಲಿ ಜರ್ಮನ್ ಅಕ್ಷರ ಕಾಣ್ತಿದೆ, ರೊಟ್ಟಿ ಅಂಗಡಿ ಇತ್ತಂತೆ."

"ಈಗ ರೊಟ್ಟಿ ಸಿಗತ್ತಾ ಅಲ್ಲಿ?"

"ಇಲ್ಲ."

"ಮತ್ತೆ? ಸಿಗದ ರೊಟ್ಟಿಗೆ ಕತ್ತು ಯಾಕೆ ನೋಯಿಸ್ಕೋತೀರಿ?"

'ನಂಗೇನ್ ಗೊತ್ತು, ಆದ್ರೆ' ಎಂಬುದು ಲುದ್ವಿಕಾ ಅವರ ಪ್ರತಿ ಮಾತಿನ ಪೀಠಿಕೆ. ನಗರಸಭಾ ಭವನದ ಗಡಿಯಾರದ ಇತಿಹಾಸವನ್ನು ಅರ್ಧ ತಾಸು ಹೇಳುವ ಮುನ್ನವೂ ಅದನ್ನೇ ಹೇಳುತ್ತಿದ್ದರು. ಅದು ವಿನಯವಲ್ಲ. ಈ ಊರಿನ ವಿಷಯ ಮಾತಾಡುವ ಅಧಿಕಾರ ತನಗಿಲ್ಲವೆಂಬ ಭಾವ ಅವರ ಮನಸ್ಸಿನಲ್ಲಿ ಬೇರುಬಿಟ್ಟಿತ್ತು.

ಇನ್ನು ಅವರ ಕೋಟು. ಬೂದು ಬಣ್ಣದ, ಸವೆದ ತುಪ್ಪಳದ ಕೊರಳುಪಟ್ಟಿಯ ಗಂಡಸರ ಕೋಟು ಅದು. ತೋಳುಗಳನ್ನು ಒಳಗೆ ಮಡಚಿ ಹೊಲಿದದ್ದು. ಯುದ್ಧ ಮುಗಿದ ಮರುವರ್ಷ, ಗಡಿ ಬದಲಾಗಿ ಸೋವಿಯತ್ತರ ಪಾಲಾದ ಪೂರ್ವದ ಲ್ವೂಫ್ ನಗರದಿಂದ ತಾಯಿ-ಮಗಳಿಬ್ಬರನ್ನೂ ಅಧಿಕಾರಿಗಳು ರೈಲಿಗೆ ತುಂಬಿ ತಂದು, ಜರ್ಮನ್ನರನ್ನು ಹೊರಡಿಸಿದ್ದ ಈ ಊರಿನ ಒಂದು ಮನೆಯ ಬಾಗಿಲು ತೆರೆದುಕೊಟ್ಟಾಗ, ಬೀರುವಿನಲ್ಲಿ ಆ ಕೋಟು ತೂಗುತ್ತಿತ್ತು. ಒಲೆಯ ಮೇಲೆ ಪಾತ್ರೆಯೂ ಇತ್ತು. ಮೊದಲ ಚಳಿಗಾಲ ತಾಯಿ ತೊಟ್ಟರು, ಆಮೇಲೆ ಮಗಳು. ಯಾರದೆಂದು ಕೇಳುವಂತಿರಲಿಲ್ಲ, ನಾವೆಲ್ಲರೂ ಯಾರದೋ ತಟ್ಟೆಯಲ್ಲಿ ಉಂಡು, ಯಾರದೋ ಮಂಚದಲ್ಲಿ ಮಲಗಿ ಬೆಳೆದವರೇ.

ಅವರ ತಾಯಿ ಈ ಊರನ್ನು ಊರೆಂದು ಒಪ್ಪಲಿಲ್ಲ. ಹಗ್ಗ ಬಿಗಿದ ಪೆಟ್ಟಿಗೆ ಸಾಯುವವರೆಗೂ ಬಾಗಿಲ ಪಕ್ಕದಲ್ಲೇ ಇತ್ತು. ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡಲಿಲ್ಲ. ಹಿತ್ತಲಲ್ಲಿ ಈರುಳ್ಳಿ, ಸಬ್ಬಸಿಗೆ ಬೆಳೆದರೇ ಹೊರತು ಒಂದು ಸೇಬಿನ ಗಿಡ ನೆಡಲಿಲ್ಲ. ಮಗಳು ಕೇಳಿದರೆ, "ಗಿಡ ಯಾಕೇ? ಅದು ಹಣ್ಣು ಬಿಡೋ ಹೊತ್ತಿಗೆ ನಾವೇನು ಇಲ್ಲಿರ್ತೀವಾ?" ಎನ್ನುತ್ತಿದ್ದರು. ಸಂಜೆಯಾದರೆ ಲ್ವೂಫಿನ ಕಥೆ. ಯಾವ ಬೀದಿಯ ನಂತರ ಯಾವ ಬೀದಿ, ಯಾವ ತಿರುವಿನಲ್ಲಿ ಯಾರ ಮಿಠಾಯಿ ಅಂಗಡಿ, ಕಲ್ಲಿನ ಸಿಂಹಗಳಿಗೆ ಮನೆಯ ಮಕ್ಕಳು ಇಟ್ಟ ಮುದ್ದಿನ ಹೆಸರುಗಳೇನು, ಎಲ್ಲವೂ ಹುಡುಗಿಗೆ ಬಾಯಿಪಾಠ. ಶಾಲೆಯಲ್ಲಿ 'ನನ್ನ ಊರು' ಎಂಬ ಪ್ರಬಂಧ ಬರೆಯಲು ಹೇಳಿದಾಗ ಲುದ್ವಿಕಾ ಲ್ವೂಫಿನ ಗುಡ್ಡವನ್ನೂ ಗುಡ್ಡದ ಮೇಲಿನ ಗಾಳಿಯನ್ನೂ ವರ್ಣಿಸಿದರು. ಅಧ್ಯಾಪಕಿಯೂ ಅಲ್ಲಿಂದಲೇ ಬಂದವರು. ಓದಿ ಗಳಗಳನೆ ಅತ್ತು ಪೂರ್ತಿ ಅಂಕ ಕೊಟ್ಟರು. ಊರೇ ತಪ್ಪಾಗಿದೆಯೆಂಬುದು ಬರೆದವಳಿಗೂ ಹೊಳೆಯಲಿಲ್ಲ, ತಿದ್ದಿದವರಿಗೂ ಹೊಳೆಯಲಿಲ್ಲ.

ಹೊಳೆದದ್ದು ತಾಯಿಯನ್ನು ಮಣ್ಣು ಮಾಡಿ ಬಂದ ದಿನ. ಲುದ್ವಿಕಾಗೆ ಆಗ ಮೂವತ್ತು ದಾಟಿತ್ತು. ನೂಲು, ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸ. ಸ್ಮಶಾನದಿಂದ ಹಿಂತಿರುಗುವಾಗ ಸೇತುವೆಯೊಂದರ ಮೇಲೆ ನಿಂತು ಕೆಳಗೆ ನೋಡಿದರಂತೆ. ಓದ್ರಾ ನದಿ ನಮ್ಮಲ್ಲಿ ಹಲವು ಕವಲಾಗಿ ಹರಿಯುತ್ತದೆ. ತಾನು ನಿಂತದ್ದು ಯಾವ ಕವಲಿನ ಮೇಲೆ, ಆ ಸೇತುವೆಯ ಹೆಸರೇನು, ಯಾವುದೂ ಅವರಿಗೆ ಗೊತ್ತಿರಲಿಲ್ಲ. ಅಮ್ಮ ಇನ್ನು ಇಲ್ಲೇ ಇರುತ್ತಾಳೆ, ಎಂದೆಂದಿಗೂ ಇಲ್ಲೇ. ಅವಳನ್ನು ಎಲ್ಲಿ ಬಿಟ್ಟು ಬಂದೆನೆಂದು ನನಗೇ ತಿಳಿಯದು ಎನಿಸಿತೆಂದು ಮುಂದೆಂದೋ ನನ್ನೊಡನೆ ಹೇಳಿದರು.

ಅಂದಿನಿಂದ ಪ್ರತಿ ಭಾನುವಾರ, ಚರ್ಚಿನ ಪೂಜೆ ಮುಗಿಯುತ್ತಲೇ ಅವರು ಊರು ನೋಡಲು ಹೊರಡುತ್ತಿದ್ದರು. ಬೀದಿಯ ಮಟ್ಟದಲ್ಲಿ ಎಲ್ಲವೂ ನಮ್ಮದೇ: ನಮ್ಮ ಭಾಷೆ, ನಮ್ಮ ಸರತಿ ಸಾಲು, ನಮ್ಮ ಬೈಗುಳ. ಹಿಂದಿನವರು ಉಳಿದಿದ್ದರೆ ಮೇಲೆ, ಗೋಡೆಗಳ ಎತ್ತರದಲ್ಲಿ ಉಳಿದಿರಬೇಕು ಎಂಬುದು ಅವರ ಲೆಕ್ಕಾಚಾರ. ಒಲೆಯ ಹಿಂದೆ ಸಿಕ್ಕ ಹಳೆಯ ನಿಘಂಟಿನಿಂದ ಅಕ್ಷರ ಅಕ್ಷರವಾಗಿ ಜರ್ಮನ್ ಕಲಿತರು. ಕಂದೀಲು ಹಿಡಿದ ದೇವದೂತರು, ಗುಂಡೇಟಿನ ಗುಳಿಗಳು, ಸುಟ್ಟುಹೋಗಿ ಮತ್ತೆ ಎದ್ದು ನಿಂತ ಪ್ರಧಾನ ಚರ್ಚಿನ ಅವಳಿ ಗೋಪುರಗಳು, ಒಂದೊಂದನ್ನೂ ಪರಿಚಯ ಮಾಡಿಕೊಂಡರು. ಜೊತೆಗೆ ಬರುವಂತೆ ಎಷ್ಟೋ ಜನರನ್ನು ಕರೆದರು. ಅಂಗಡಿಯ ಗೆಳತಿಯರು ಒಮ್ಮೆ ಬಂದು, ಜರ್ಮನ್ನರ ಕಲ್ಲು ನೋಡಿ ನಮಗೇನಾಗಬೇಕೆಂದು ಮೂಗು ಮುರಿದರು. ಮದುವೆಯ ಮನಸ್ಸಿದ್ದ ಟ್ರಾಮ್ ಚಾಲಕನೊಬ್ಬ ಕೆಲವು ವಾರ ಬಂದು, ಕತ್ತು ನೋವೆಂದು ಬಿಟ್ಟುಬಿಟ್ಟ. ನೋವು ಕತ್ತಿನದಲ್ಲವೆಂದು ಅವರಿಗೆ ಗೊತ್ತಿತ್ತು. ಆಮೇಲೆ ಅವರು ಯಾರನ್ನೂ ಕರೆಯಲಿಲ್ಲ.

ಗ್ರಂಥಾಲಯದಲ್ಲಿ ಊರಿನ ಇತಿಹಾಸವಿತ್ತು. ರಾಜರು, ಮುತ್ತಿಗೆಗಳು, ಕಾಲಮಾನ, ಎಲ್ಲ ಇತ್ತು. ಆದರೆ ತಾಯಿ ಲ್ವೂಫನ್ನು ಕೊಟ್ಟ ಹಾಗೆ ಈ ಊರನ್ನು ಯಾವ ಪುಸ್ತಕವೂ ಕೊಡಲಿಲ್ಲ. ನಮ್ಮ ಕಟ್ಟಡದ ಹೆಬ್ಬಾಗಿಲ ಮೇಲೆ ಕೆನ್ನೆ ಉಬ್ಬಿಸಿದ ಕಲ್ಲಿನ ಮುಖವೊಂದಿದೆ. ಈ ಮನೆಯಲ್ಲಿ ಆಡಿ ಬೆಳೆದ ಮಕ್ಕಳು ಅದನ್ನು ಏನೆಂದು ಕರೆಯುತ್ತಿದ್ದರು? ಏನಾದರೂ ಕರೆದೇ ಇರುತ್ತಾರೆ. ಅದನ್ನು ಹೇಳಬಲ್ಲವರೊಬ್ಬರು ಬರಬೇಕು, ತನಗೆ ಈ ಊರನ್ನು ಕೈಹಿಡಿದು ತೋರಿಸಬೇಕು: ಬೇರೇನನ್ನೂ ಬೇಡದ ಹೆಂಗಸು ಇದೊಂದನ್ನು ಬೇಡುತ್ತಿದ್ದರು. ಆ ಕಾಲದಲ್ಲಿ ಹಳೆಯ ಜರ್ಮನ್ ನಿವಾಸಿಗಳು ಬಸ್ಸುಗಳಲ್ಲಿ ಬಂದು, ತಾವು ಹುಟ್ಟಿದ ಮನೆಗಳ ಬಾಗಿಲು ತಟ್ಟುತ್ತಿದ್ದರು. ನಮ್ಮೆಲ್ಲರ ಎದೆಯಲ್ಲೂ ಒಂದೇ ಅಳುಕು, ಮನೆ ಮರಳಿ ಕೇಳಿಯಾರೆಂದು. ಲುದ್ವಿಕಾ ಒಬ್ಬರೇ ಆ ಬಸ್ಸುಗಳನ್ನು ಆಸೆಗಣ್ಣಿಂದ ನೋಡುತ್ತಿದ್ದರು.

ಎಂಬತ್ತರ ದಶಕದ ಒಂದು ಅಕ್ಟೋಬರ್ ಬೆಳಿಗ್ಗೆ ಅವರ ಬಾಗಿಲನ್ನೂ ಯಾರೋ ತಟ್ಟಿದರು. ನಲವತ್ತರ ಆಸುಪಾಸಿನ, ಟೋಪಿಯನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದ ಗಂಡಸು. ಎಕ್ಕಾರ್ಟ್ ಎಂದು ಹೆಸರು ಹೇಳಿದ. ಲುದ್ವಿಕಾ ಮಾಡಿದ ಮೊದಲ ಕೆಲಸವೆಂದರೆ, ಒಂದು ನಿಮಿಷ ಎಂದು ಬಾಗಿಲು ಮುಚ್ಚಿ, ಕೋಟನ್ನು ಮಂಚದ ಕೆಳಗೆ ತುರುಕಿದ್ದು. ಆಮೇಲೆ ಬಾಗಿಲು ತೆರೆದು, ಗಾಜಿನ ಲೋಟದಲ್ಲಿ ಚಹಾ ಕೊಟ್ಟು, ಸೇಬಿನ ಕೇಕು ಮುಂದಿಟ್ಟು, ನಿಘಂಟಿನ ಜರ್ಮನ್ನಿನಲ್ಲಿ ಮಾತಿಗೆ ಕೂತರು.

"ನಾನು ಈ ಕೋಣೇಲೇ ಹುಟ್ಟಿದ್ದಂತೆ," ಎಂದ ಆತ.

"ಹಾಗಾದ್ರೆ ಬನ್ನಿ, ಹೊರಗೆ ಹೋಗೋಣ. ನೀವು ನಂಗೆ ಊರು ತೋರಿಸ್ಬೇಕು."

ಕೋಟಿಲ್ಲದೆ ನಡುಗುತ್ತಲೇ ಹೊರಟರು. ಆತ ತನ್ನ ಶಾಲು ಕೊಡಹೋದರೆ, ನನಗೆ ಸೆಕೆ ಎಂದರು. ಹೆಬ್ಬಾಗಿಲು ದಾಟಿದ್ದೇ ತಡ, ತಿರುಗಿ ನಿಂತು, ಆ ಕಲ್ಲಿನ ಮುಖವನ್ನು ಬೆರಳೆತ್ತಿ ತೋರಿಸಿ ಕೇಳಿಬಿಟ್ಟರು: "ಇದನ್ನ ನೀವು ಏನಂತ ಕರೀತಿದ್ರಿ?"

ಆತ ಬಹಳ ಹೊತ್ತು ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಕೈ ಚೆಲ್ಲಿದ. "ಗೊತ್ತಿಲ್ಲ ಕಣ್ರೀ. ಹಿಮದಲ್ಲಿ ನಮ್ಮನ್ನ ಹೊರಡಿಸಿದಾಗ ನಾನಿನ್ನೂ ಚಿಕ್ಕೋನು. ಊರೆಲ್ಲ ಅಮ್ಮ ಹೇಳಿದ್ದೇ. ಅವಳು ಇದರ ಬಗ್ಗೆ ಹೇಳಿರಲಿಲ್ಲ. ಪೂರ್ತಿ ಅವಳ ಮಾತನ್ನೇ ನಂಬ್ಕೊಂಡು ಬಂದಿದೀನಿ, ಆದ್ರೆ ನಿನ್ನೆಯಿಂದ ದಾರಿ ತಪ್ತಾನೇ ಇದೀನಿ."

ಲುದ್ವಿಕಾ ಎತ್ತಿದ ಬೆರಳನ್ನು ಇಳಿಸಿದರು. ತನ್ನಂತೆಯೇ ತಾಯಿಯ ಬಾಯಿಂದ ಒಂದು ಊರನ್ನು ಉಂಡು ಬೆಳೆದವನು ಎದುರಿಗಿದ್ದ. ಅವನ ತಾಯಿ ಹೇಳಿದ ಆ ಊರು ಮಾತ್ರ ಯುದ್ಧದಲ್ಲಿ ಸುಟ್ಟುಹೋಗಿತ್ತು. ಕೊನೆಗೆ ಅವರೇ ಮುಂದಾಗಿ ಅವನನ್ನು ಕರೆದೊಯ್ದರು. ಇಡೀ ದಿನ, ಟ್ರಾಮಿನಲ್ಲಿ, ಕಾಲ್ನಡಿಗೆಯಲ್ಲಿ, ಸೇತುವೆಯಿಂದ ಸೇತುವೆಗೆ, ಅವನ ತಾಯಿ ಸ್ಕೇಟಿಂಗ್ ಆಡಿದ ಕಾಲುವೆಯ ತೀರಕ್ಕೆ, ಅಜ್ಜನ ಗೋರಿಯಿದ್ದ ಸ್ಮಶಾನ ಈಗ ಉದ್ಯಾನವಾಗಿರುವಲ್ಲಿಗೆ. ಅಲ್ಲಿ ಆತ ಹುಲ್ಲಿನ ಮೇಲೆ ಕೂತು ಅತ್ತ. ಅವರು ಪಕ್ಕದಲ್ಲಿ ನಿಂತಿದ್ದರು. ಅಂದು ಅವರ ಬಾಯಲ್ಲಿ 'ನಂಗೇನ್ ಗೊತ್ತು' ಎಂಬ ಮಾತು ಬರಲೇ ಇಲ್ಲ. ಬಂದಿಲ್ಲವೆಂಬುದು ಅವರ ಗಮನಕ್ಕೂ ಬಂದಿರಲಿಕ್ಕಿಲ್ಲ.

ಬಸ್ಸು ಹತ್ತುವಾಗ ಆತ ಅವರ ಕೈಗೆ ಮುತ್ತಿಟ್ಟು, "ನಿಮ್ಮ ಊರು ತುಂಬಾ ಚೆನ್ನಾಗಿದೆ," ಎಂದು ಹೇಳಿ ಹೋದ.

ಗೆನೊವೆಫಾ ಬಾಗಿಲಲ್ಲೇ ಕಾದು ನಿಂತಿದ್ದಳು. ನಾನೂ ಇದ್ದೆ, ನಿಜ ಹೇಳಬೇಕೆಂದರೆ ಇಡೀ ಕಟ್ಟಡವೇ ಮೆಟ್ಟಿಲ ಮೇಲಿತ್ತು.

"ಏನಂದ ಅವ್ನು? ಮನೆ ವಾಪಸ್ ಕೇಳಿದ್ನಾ?"

"ಇಲ್ಲ."

"ಮತ್ತೆ ಯಾಕೆ ಬಂದಿದ್ನಂತೆ?"

"ಊರನ್ನೇ ಕೊಟ್ಟು ಹೋದ," ಎಂದರು ಲುದ್ವಿಕಾ.

"ಅಯ್ಯೋ, ಒಳ್ಳೇದೇ ಆಯ್ತಲ್ಲ! ಅದಕ್ಯಾಕೆ ಅಳ್ತೀರಿ?"

"ಇನ್ನು ನಾನು ಯಾರನ್ನ ಕೇಳ್ಲಿ, ಗೆನೊವೆಫಾ?"

ಒಬ್ಬೊಬ್ಬರಾಗಿ ನಮ್ಮ ನಮ್ಮ ಮನೆಗಳಿಗೆ, ಅಂದರೆ ನಾವು ಇದ್ದ ಮನೆಗಳಿಗೆ, ಮರಳಿದೆವು.

ಊರು ಎಂಬುದು ಬಹುಪಾಲು ಮನುಷ್ಯರಿಗೆ ಹಿರಿಯರ ತೊಡೆಯ ಮೇಲೆ ಕೂತಿದ್ದಾಗಲೇ ಅರಿಯದೆ ಬರುವ ಸ್ವತ್ತು. ತಿಳಿಯದ್ದನ್ನು ಕೇಳಲು ಹಿರಿಯರೊಬ್ಬರು ಇದ್ದೇ ಇರುತ್ತಾರೆಂಬ ಧೈರ್ಯದಲ್ಲಿ ಅವರು ಏನನ್ನೂ ಕೇಳದೆ ಬದುಕಿ ಮುಗಿಸುತ್ತಾರೆ. ಆದರೆ ಚರಿತ್ರೆಯು ಜನರನ್ನು ಕಿತ್ತು ಬೇರೆಡೆ ನೆಟ್ಟಾಗಲೆಲ್ಲ ಅವರ ನಡುವೆ ಲುದ್ವಿಕಾರಂಥವರು ಅಲ್ಲೊಬ್ಬರು ಇಲ್ಲೊಬ್ಬರು ಹುಟ್ಟಿಕೊಳ್ಳುತ್ತಾರೆ. ಅವರು ತಮ್ಮದಲ್ಲದ್ದನ್ನು ಪ್ರೀತಿಯಿಂದ, ಅಪ್ಪಣೆ ಕೇಳುವ ಸಂಕೋಚದಿಂದ ಕಲಿಯುತ್ತಾರೆ. ಅಪ್ಪಣೆ ಕೊಡಬೇಕಾದವರು ಒಂದು ದಿನ ಬಂದು, ನಮಗಿಂತ ನಿಮಗೇ ಚೆನ್ನಾಗಿ ಗೊತ್ತು ಎಂದು ಕೈಮುಗಿದು ಹೋಗಿಬಿಡುತ್ತಾರೆ. ಆಗ ಲುದ್ವಿಕಾರಂಥವರು, ಮಡಿಲಲ್ಲಿ ಒಂದು ಮಗುವೂ ಇಲ್ಲದೆ, ಬೆನ್ನ ಹಿಂದೆ ಒಬ್ಬ ಹಿರಿಯರೂ ಇಲ್ಲದೆ, ಇಡೀ ಊರಿಗೆ ಮೊದಲನೆಯ ಅಜ್ಜಿಯಾಗಿ ಒಬ್ಬರೇ ನಿಲ್ಲಬೇಕಾಗುತ್ತದೆ.